ಕಪ್ಪು ನಾಲ್ಕರ ರಾಣಿ

ಜನವರಿ 25, ಶನಿವಾರ

ಈ ಪುಸ್ತಕ ತಂದುಕೊಟ್ಟವಳು ಮಾನಸ. "ಬೈಯೋದೇನಿದ್ರೂ ಇದ್ರೊಳಗೆ ಬೈಕೋ ದೊಡ್ಡವ್ವ, ಬಾಯಿ ಮಾತ್ರ ತೆಗೀಬೇಡ" ಅಂದಳು. ನನ್ನ ತಂಗಿ ಮಗಳು, ಗುಂಡ್ಲುಪೇಟೆ ಡಿಪೋದಲ್ಲಿ ಬಸ್ ಕಂಡಕ್ಟರು. ದಿನಾ ಮುಂದಕ್ಕೆ ಹೋಗಿ ಮುಂದಕ್ಕೆ ಹೋಗಿ ಅಂತ ಕೂಗಿ ಕೂಗಿ ಮನೆಯಲ್ಲೂ ಅದೇ ದನಿ. ಈಗ ನನಗೇ ಆರ್ಡರು.

ಸರಿ, ಬೈತೀನಿ. ಮೊದಲು ಆ ಡಾಕ್ಟರು. ಮೈಸೂರಿನ ಆಸ್ಪತ್ರೆಯವನು, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಗಂಟಲೊಳಗೆ ಕೊಳವೆ ಬಿಟ್ಟು ನೋಡಿ, ದನಿ ಹುರಿ ಮೇಲೆ ಗಂಟಾಗಿದೆ, ತೆಗೀಬೇಕು ಅಂದ. ತೆಗೆದ. ಕೆಟ್ಟ ಗಂಟಲ್ಲವಂತೆ, ಅಷ್ಟು ಪುಣ್ಯ. ಆದರೆ ಅವನು ಹೇಳೋವರೆಗೂ ಒಂದು ಮಾತೂ ಆಡೋ ಹಾಗಿಲ್ಲ. ಪಿಸುಗುಟ್ಟೋದೂ ಕೂಡದು. "ಎಷ್ಟು ವರ್ಷದಿಂದ ಹಿಂಗೆ ಕೂಗ್ತಿದ್ದೀರಿ ಅಜ್ಜಿ?" ಅಂತ ಕೇಳಿದ. ಅಜ್ಜಿಯಂತೆ.

ಅವನಿಗೆ ನಾನು ಯಾರು ಅಂತ ಗೊತ್ತಿಲ್ಲ. ಚಿತ್ರಕುಮಾರಿ ಬರ್ತಾಳೆ ಅಂದರೆ ಒಂದು ಕಾಲದಲ್ಲಿ ನಂಜನಗೂಡಿನಿಂದ ಗಾಡಿ ಕಟ್ಟಿಕೊಂಡು ಬರೋರು. ಉಡಿಗಾಲದ ಕೂಲಿಯವರ ಮಗಳು ಮರಿತಾಯಮ್ಮ, ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ತೆರಕಣಾಂಬಿಯಲ್ಲಿ ಟೆಂಟು ಹಾಕಿದ್ದ ನಾಟಕ ಕಂಪನಿಯ ಹಿಂದೆ ಹೋಗಿ ಚಿತ್ರಕುಮಾರಿ ಆದೆ. ನಾಲ್ಕಕ್ಷರ ಗಟ್ಟಿಯಾಗಿ ಕಲಿತದ್ದೇ ಪಾರ್ಟಿನ ಹಾಳೆಯಿಂದ. 'ಚಂದ್ರಗಿರಿ ಮಹಾರಾಣಿ' ನಾಟಕದ ರಾಣಿ ರತ್ನಪ್ರಭೆ ಅಂದರೆ ನಾನೇ. ಕೊನೇ ಸೀನಿನಲ್ಲಿ ರಾಣಿ "ಚಂದ್ರಗಿರೀ!" ಅಂತ ಒಂದು ಕೂಗು ಹಾಕ್ತಾಳೆ. ಮೈಕಿಲ್ಲದೆ ಹಾಕಬೇಕು, ಕಟ್ಟಕಡೆಯ ಸಾಲಿನವನ ಬಾಯಿಂದ ಬೀಡಿ ಉದುರಬೇಕು. ಹಾಗೆ ಹಾಕ್ತಿದ್ದೆ.

ಮಾರ್ಚಿ ಎಂಟಕ್ಕೆ ಮಹಿಳಾ ದಿನ. ಅವತ್ತು ಚಾಮರಾಜನಗರದ ರಂಗಮಂದಿರದಲ್ಲಿ ಉಡಿಗಾಲದ ಹೆಂಗಸರ ಸಂಘ ಇದೇ ನಾಟಕ ಆಡ್ತದೆ. ರಾಣಿ ಪಾರ್ಟಿಗೆ ನನ್ನನ್ನ ಒಪ್ಪಿಸಿ ಹೋಗಿದ್ದಾರೆ. ಅಷ್ಟೊತ್ತಿಗೆ ಗಂಟಲು ವಾಪಸ್ ಬರಬೇಕು. ಬರ್ತದೆ. ಬರದೆ ಎಲ್ಲಿಗೆ ಹೋಗ್ತದೆ?

ಜನವರಿ 27, ಸೋಮವಾರ

ಮಾತಾಡಿಬಿಟ್ಟೆ.

ನನ್ನ ತಪ್ಪಲ್ಲ. ನಮ್ಮ ಮನೆ ಗುಂಡ್ಲುಪೇಟೆಯ ತರಕಾರಿ ಮಾರ್ಕೆಟ್ಟಿನ ಹಿಂದೆ. ಕೇರಳದ ಈರುಳ್ಳಿ ಲಾರಿಯವನೊಬ್ಬ ತಂದು ನಮ್ಮ ಬಾಗಿಲಿಗೇ ಒರಗಿಸಿ ನಿಲ್ಲಿಸ್ತಾನೆ. ಬೆಳಿಗ್ಗೆ ಹಾಲು ತರೋಕೆ ಹೋಗಬೇಕಾದರೆ ಲಾರಿ ಚಕ್ರಕ್ಕೂ ಗೋಡೆಗೂ ನಡುವೆ ಅಡ್ಡಡ್ಡ ನುಸುಳಬೇಕು. ಇವತ್ತು ಹಾರನ್ ಬೇರೆ ಹೊಡೀತಾ ಕೂತಿದ್ದ. ತಡೆದುಕೊಂಡೆ, ತಡೆದುಕೊಂಡೆ, ಆಮೇಲೆ "ಏಯ್ ಮುಂಡೇದೆ, ತೆಗಿಯೋ ಲಾರಿನ!" ಅಂದುಬಿಟ್ಟೆ. ಅಂದುಬಿಟ್ಟೆ ಅಂದರೆ, ಅನ್ನೋಕೆ ಹೋದೆ. ಬಂದದ್ದು ತಗಡು ಗೀರಿದ ಹಾಗೆ ಒಂದು ಸದ್ದು. ಅವನು ಇಳಿದು ಬಂದು, "ಎಂದಾ ಅಮ್ಮಚ್ಚಿ, ನೀರು ಬೇಕಾ?" ಅಂತ ಬಾಟಲಿ ಕೊಟ್ಟ.

ಬೈದವಳಿಗೆ ನೀರು ಕೊಡ್ತಾನೆ! ನನ್ನ ಜೀವಮಾನದಲ್ಲಿ ಇಷ್ಟು ಅವಮಾನ ಆಗಿರಲಿಲ್ಲ.

ಮಾನಸ ಡಾಕ್ಟರಿಗೆ ಫೋನ್ ಮಾಡಿದಳು. ಮೌನ ಮೊದಲಿನಿಂದ ಶುರು ಮಾಡಿ ಅಂದನಂತೆ. ಅವಳು ಸೀದಾ ಹೋಗಿ ಮಕ್ಕಳು ಬರೆಯೋ ಸ್ಲೇಟು ತಂದು ನನ್ನ ಕೊರಳಿಗೆ ದಾರ ಕಟ್ಟಿ ನೇತು ಹಾಕಿದಳು. ಕುರಿಮರಿ ಥರ ಕಾಣ್ತಿದ್ದೀನಿ.

ಜನವರಿ 30, ಗುರುವಾರ

ಉಡಿಗಾಲದಿಂದ ಸಂಘದವರು ಬಂದಿದ್ದರು. ಮೂರು ಜನ. ಶಿವರುದ್ರಮ್ಮ ಸಂಘದ ಅಧ್ಯಕ್ಷೆ, ಗದ್ದೆ ತೋಟ ಇರೋ ಮನೆ ಯಜಮಾನಿ, ಅವಳು ಕೂತರೆ ಕುರ್ಚಿ ಹೆದರಬೇಕು. ನಾಟಕದಲ್ಲಿ ಅವಳೇ ದುಷ್ಟ ಮಂತ್ರಿ ಕ್ರೂರಸೇನ. ಅವಳ ಸೊಸೆ ಶಿವಾನಿ, ಎತ್ತರದ ಹುಡುಗಿ, ಅವಳೇ ಮಹಾರಾಜ. ಇನ್ನೊಬ್ಬಳು ಅಂಗನವಾಡಿಯ ಕುಮಾರಿ, ಸೇನಾಪತಿ. ಸುಮ್ಮಸುಮ್ಮನೆ ನಗ್ತಾಳೆ. ಗಂಡಸರ ಪಾರ್ಟುಗಳನ್ನೂ ಹೆಂಗಸರೇ ಮಾಡೋದಂತೆ.

"ಅಮ್ಮಾರೆ, ಗಂಟ್ಲು ವಾಸಿ ಆದ್ಮೇಲೆ ನೀವು ಪಾರ್ಟು ಮಾಡೂರಂತೆ. ಅಲ್ಲೀಗಂಟ ಪ್ರಾಕ್ಟೀಸ್‌ಗೆ ಬಂದು ಕೂತ್ಕಳಿ ಸಾಕು. ನಮ್ಗೇನೂ ಗೊತ್ತಿಲ್ಲ ಕಣ್ರವ್ವ" ಅಂದಳು ಶಿವರುದ್ರಮ್ಮ.

ಪ್ರಾಕ್ಟೀಸಿಗೆ! ನಾನು! ಹಳ್ಳಿ ನಾಟಕದ ಪದ್ಧತಿ ಇವರಿಗೆ ಗೊತ್ತಿಲ್ಲವಾ? ಊರ ಗಂಡಸರು ತಿಂಗಳುಗಟ್ಟಲೆ ಪೇಟಿ ಮಾಸ್ಟರ ಹತ್ತಿರ ಕೂತು ಪ್ರಾಕ್ಟೀಸ್ ಮಾಡ್ತಾರೆ. ಹೆಣ್ಣು ಪಾತ್ರದವರನ್ನ ಹೊರಗಿನಿಂದ ಕರೆಸ್ತಾರೆ. ನಾವು ನಾಟಕದ ದಿನ ಸಾಯಂಕಾಲ ಬಸ್ಸಿಳೀತೀವಿ, ಬಣ್ಣ ಹಚ್ಚಿಕೊಳ್ತೀವಿ, ಯಾರು ರಾಜ ಅಂತ ಒಂದು ಸಲ ಮುಖ ನೋಡಿಕೊಳ್ತೀವಿ, ಅಷ್ಟೆ. ಕಂಪನಿ ಮುಚ್ಚಿದ ಮೇಲೆ ಇಷ್ಟು ವರ್ಷ ಹಾಗೇ ಮಾಡಿದ್ದೀನಿ. ಎಷ್ಟೋ ರಾಜರಿಗೆ ಹೆಂಡತಿ ಆಗಿದ್ದೀನಿ, ಒಬ್ಬನ ಹೆಸರೂ ಗೊತ್ತಿಲ್ಲ.

ಸ್ಲೇಟಿನ ಮೇಲೆ ದೊಡ್ಡದಾಗಿ 'ಬರಲ್ಲ' ಅಂತ ಬರೆದು ತೋರಿಸಿದೆ.

ಶಿವರುದ್ರಮ್ಮ ಓದಿದಳು. "ಆಯ್ತು. ಭಾನುವಾರ ಹನ್ನೊಂದಕ್ಕೆ ಕಾರು ಬತ್ತದೆ" ಅಂದು ಎದ್ದಳು.

ದನಿ ಇಲ್ಲದವಳ 'ಬರಲ್ಲ'ಕ್ಕೆ ಯಾರೂ ಹೆದರೋದಿಲ್ಲ ಅಂತ ಇವತ್ತು ಗೊತ್ತಾಯಿತು.

ಫೆಬ್ರವರಿ 2, ಭಾನುವಾರ

ಹೋಗಿದ್ದೆ. ನೋಡಲಾಗದ ನಾಟಕ.

ಮೊದಲು ಶಿವರುದ್ರಮ್ಮನ ಮನೆ ಜಗಲಿ ಮೇಲೆ ಕೂರಿಸಿ ಕಾಫಿ ಕೊಟ್ಟರು. ನಮ್ಮವ್ವ ಇದೇ ಜಗಲಿಯ ಕೆಳಗೆ ನಿಂತು ಸೆರಗಿಗೆ ರಾಗಿ ಹಾಕಿಸಿಕೊಳ್ಳೋಳು. ಕಾಫಿಗೆ ಸಕ್ಕರೆ ಜಾಸ್ತಿ.

ಆಮೇಲೆ ಸಮುದಾಯ ಭವನಕ್ಕೆ ಹೋದೆವು. ಪೇಟಿ ಮಾಸ್ಟರು ನಮ್ಮ ಗುರುಮಲ್ಲಯ್ಯ, ತೆರಕಣಾಂಬಿಯವರು. ನನಗೆ ಎಷ್ಟು ವರ್ಷ ಹಾರ್ಮೋನಿಯಂ ನುಡಿಸಿದ್ದಾರೋ ಅವರಿಗೇ ಲೆಕ್ಕವಿಲ್ಲ. ಈಗ ಎಡಗಿವಿ ಪೂರ್ತಿ ಹೋಗಿದೆ. ನನ್ನ ಕೊರಳಿನ ಸ್ಲೇಟು ನೋಡಿ, "ಚೆನ್ನಾಯ್ತು ಬುಡಿ ತಾಯಿ. ಮಾಸ್ಟ್ರು ಕಿವುಡ, ಡೈರೆಕ್ಟ್ರು ಮೂಗಿ. ಕುರುಡರು ಬಂದು ನೋಡ್ಬುಟ್ರೆ ನಾಟ್ಕ ಪಾಸು" ಅಂದರು. ನಗು ಬಂತು, ನಗೋದಕ್ಕೂ ಡಾಕ್ಟರು ಬಿಡಲ್ಲ.

ಈಗ ಮಹಾರಾಜನ ಪ್ರವೇಶ. ಶಿವಾನಿ ಕಚ್ಚೆ ಹಾಕಿ, ಮೀಸೆ ಅಂಟಿಸಿ, ಕಿರೀಟ ಇಟ್ಟುಕೊಂಡು ಬಂದಳು. ನಡಿಗೆ ಚೆನ್ನಾಗಿತ್ತು. "ಯಾರಲ್ಲಿ!" ಅಂತ ಗುಡುಗಿದಳು. ಅಷ್ಟರಲ್ಲಿ ಅವಳ ಮಾವ ಶಿವಮಲ್ಲಪ್ಪ ಒಳಗೆ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಮಹಾರಾಜ ಅಲ್ಲೇ ನಿಂತ. ಕೈ ಹೆಗಲಿಗೆ ಹೋಯಿತು, ಸೆರಗು ಹುಡುಕಿತು, ಸಿಗಲಿಲ್ಲ. ಬೆನ್ನಿಗೆ ಕಟ್ಟಿದ್ದ ಕೆಂಪು ನಿಲುವಂಗಿ ಸಿಕ್ಕಿತು. ಅದನ್ನೇ ಎಳೆದು ಕಿರೀಟದ ಮೇಲೆ ಹೊದ್ದುಕೊಂಡು, ಮೀಸೆವರೆಗೂ ಮುಸುಕು ಹಾಕಿ, ತಲೆ ತಗ್ಗಿಸಿ ನಿಂತ. ಚಂದ್ರಗಿರಿಯ ಸಾಮ್ರಾಟ!

ಕುಮಾರಿ ನಕ್ಕೂ ನಕ್ಕೂ ನೆಲಕ್ಕೆ ಕೂತಳು. ಶಿವಾನಿ, "ಏನ್ ಮಾಡ್ಲಿ ಅಮ್ಮಾರೆ, ಮಾವ ಕಂಡೇಟ್ಗೆ ಕೈ ತಾನಾಗೇ ಹೋಯ್ತದೆ" ಅಂತ ಅಳೋ ಮುಖ ಮಾಡಿದಳು.

ದನಿ ಇದ್ದಿದ್ದರೆ ಅವಳಿಗೆ ಹೇಗೆ ಬೈತಿದ್ದೆ ಅಂತ ದಾರಿ ಉದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದೆ. ಮನೆಗೆ ಬಂದು ಬರೆಯೋಣ ಅಂತ ಕೂತರೆ ಯಾಕೋ ಒಂದೂ ನೆನಪಾಗ್ತಿಲ್ಲ.

ಫೆಬ್ರವರಿ 6, ಗುರುವಾರ

ಕಂಪನಿಯಲ್ಲಿದ್ದಾಗ ಕೆಲವು ಸಿನಿಮಾನೂ ಮಾಡಿದ್ದೆ. ಅದರಲ್ಲೊಂದನ್ನ ಇವತ್ತು ಮಧ್ಯಾಹ್ನ ಟೀವಿಯಲ್ಲಿ ಹಾಕಿದ್ದರು. ಸೊಸೆಗೆ ಹಾಲಿನಲ್ಲಿ ವಿಷ ಹಾಕೋ ಅತ್ತೆ. ಇಪ್ಪತ್ತೆಂಟು ವರ್ಷಕ್ಕೇ ನನಗೆ ನರೆ ಹಚ್ಚಿ ಅತ್ತೆ ಮಾಡಿದರು. ಆ ಪಾರ್ಟು ಹಿಟ್ಟಾಗಿ ಆಮೇಲೆ ಬರೀ ಅದೇ. ಮಾರ್ಕೆಟ್ಟಿನಲ್ಲಿ ಈಗಲೂ ಒಬ್ಬಳು ಮುದುಕಿ ನಾನು ಮುಟ್ಟಿದ ಬದನೆಕಾಯಿ ತಗೊಳ್ಳೋದಿಲ್ಲ.

ಮದ್ರಾಸಿನಲ್ಲಿ ಡೈರೆಕ್ಟರು ನನ್ನ ಮುಖ ನೋಡಿ ಶಹಬಾಸ್ ಅಂದರು, ಮಾತು ಕೇಳಿ ಮುಖ ಸಿಂಡರಿಸಿದರು. "ಹೋಗನ, ಬರನ ಅಂತೀಯಲ್ಲಮ್ಮ, ಚಾಮರಾಜನಗರ ನಿನ್ನ ನಾಲಿಗೆ ಮೇಲೇ ಕೂತಿದೆ" ಅಂತ ಬೇರೆ ಯಾರ ಕೈಲೋ ದನಿ ಕೊಡಿಸಿದರು. ಎಲ್ಲ ಸಿನಿಮಾದಲ್ಲೂ ಹಾಗೇ. ಅವ್ವನನ್ನ ಗುಂಡ್ಲುಪೇಟೆ ಸಿನಿಮಾ ಟೆಂಟಿಗೆ ಕರಕೊಂಡು ಹೋಗಿ ತೋರಿಸಿದೆ. ಅರ್ಧಕ್ಕೇ ಎದ್ದಳು. "ಮಕ ನಿಂದು. ಮಾತಾಡ್ತಿರೋಳು ಯಾವಳು?" ಅಂದಳು. ಆಮೇಲೆ ನನ್ನ ಒಂದು ಸಿನಿಮಾನೂ ನೋಡಲಿಲ್ಲ. ನಾಟಕಕ್ಕಾದರೆ ನಡೆದಾದರೂ ಬರೋಳು.

ನನ್ನ ದನಿ ಎಲ್ಲೂ ಇಲ್ಲ. ನಾಟಕ ಆಡಿದ ಬಯಲಲ್ಲಿ ಹೋಯಿತು. ಇನ್ನು ಉಳಿದಿದ್ದರೆ ಈ ಗಂಟಲೊಳಗೆ. ಅದಕ್ಕೇ ಕಾಯ್ತಿದ್ದೀನಿ, ಬಾಯಿ ಮುಚ್ಚಿಕೊಂಡು.

ಟೀವಿ ಆರಿಸಿದೆ.

ಫೆಬ್ರವರಿ 9, ಭಾನುವಾರ

ಶಿವಮಲ್ಲಪ್ಪನವರ ಸಮಸ್ಯೆ ಬಗೆಹರಿಸಿದೆ. ಅವರು ಬಂದು ಕೂತ ಕೂಡಲೇ ಎದ್ದು ಹೋಗಿ, ಅವರು ಕೂತಿದ್ದ ಕುರ್ಚಿಯನ್ನೇ ಹಿಡಿದು ಗೋಡೆ ಕಡೆ ತಿರುಗಿಸಿದೆ. ಅವರು ಒಂದು ಗಳಿಗೆ ಪೆಚ್ಚಾದರು. ಆಮೇಲೆ "ಅಮ್ಮಾರು ಹೇಳುದ್ ಮೇಲಾಯ್ತು. ಕೇಳುಸ್ಕೊತೀನಿ ಬುಡಿ" ಅಂತ ಗೋಡೆ ನೋಡಿಕೊಂಡೇ ಕೂತರು. ಮಹಾರಾಜನ ಮುಸುಕು ಹಾರಿ ಹೋಯಿತು. ಏನು ಗುಡುಗು ಅಂತೀರಿ! ಗೋಡೆ ಕಡೆಯಿಂದ "ಶಹಬಾಸ್ ಮಗ" ಅಂತ ಕೇಳಿತು.

ನನ್ನ ಜಾಗದಲ್ಲಿ ನಿಂತು ರಾಣಿ ಮಾತು ಹೇಳೋಕೆ ಯಾರಾದರೂ ಬೇಕಲ್ಲ. ಮಾನಸಂಗೆ ಇವತ್ತು ರಜ, ಜೊತೆಗೆ ಬಂದಿದ್ದಳು. ಎಬ್ಬಿಸಿ ನಿಲ್ಲಿಸಿದರು. "ಪ್ರಾಣನಾಥಾ" ಅನ್ನೋದನ್ನ "ಪ್ರಾಣನಾಥ, ಟಿಕೆಟ್, ಟಿಕೆಟ್" ಅನ್ನೋ ಹಾಗೆ ಹೇಳಿದಳು. ನಾನು ಹಣೆ ಚಚ್ಚಿಕೊಂಡೆ. ಸ್ಲೇಟಿನಲ್ಲಿ ಬರೆದೆ: 'ಅವನು ನಿನ್ನ ಗಂಡ, ಪ್ಯಾಸೆಂಜರ್ ಅಲ್ಲ.'

"ನನ್ ಗಂಡನ್ಗೂ ನಾನ್ ಹಿಂಗೇ ಮಾತಾಡದು ಕಣ್ ದೊಡ್ಡವ್ವ" ಅಂದಳು. ಅದೂ ನಿಜವೇ.

ಫೆಬ್ರವರಿ 13, ಗುರುವಾರ

ಗಂಟಲು ಕೆರೀತಿದೆ. ಬರೆಯೋಕೆ ಬೇಜಾರು. ಹುರುಳಿ ಸಾರು ಸಪ್ಪೆ ಇತ್ತು.

ಫೆಬ್ರವರಿ 17, ಸೋಮವಾರ

ಇವತ್ತು ಮಾನಸನ ಬಸ್ಸಿನಲ್ಲಿ ತೆರಕಣಾಂಬಿವರೆಗೆ ಸುಮ್ಮನೆ ಹೋಗಿ ಬಂದೆ. ಮನೇಲಿ ಕೂತು ತಲೆ ಕೆಟ್ಟಿತ್ತು, ಅಷ್ಟೆ.

ಅಲ್ಲ, ಸುಮ್ಮನೆ ಅಲ್ಲ. ನಿನ್ನೆ ಪ್ರಾಕ್ಟೀಸಿನಲ್ಲಿ ಅವಳ ಹೊಟ್ಟೆ ಮೇಲೆ ಅಂಗೈ ಇಟ್ಟು, ಕೂಗು ಇಲ್ಲಿಂದ ಬರಬೇಕು, ಗಂಟಲಿನಿಂದ ಅಲ್ಲ ಅಂತ ಒತ್ತಿ ತೋರಿಸಿದ್ದೆ. ನಾನು ಗಂಟಲಿನಿಂದ ಕೂಗಿಯೇ ಈ ಗತಿ ಆದದ್ದು. ಅವಳಿಗೆ ತಲೆಗೆ ಹೋಯಿತೋ ಇಲ್ಲವೋ ನೋಡಬೇಕಿತ್ತು.

ಬಸ್ಸು ಕಿಕ್ಕಿರಿದಿತ್ತು. ಬಾಗಿಲಲ್ಲಿ ನಾಲ್ಕು ಹುಡುಗರು ಜೋತು ಬಿದ್ದಿದ್ದರು. ಮಾನಸ ಹಿಂದಿನ ಸೀಟಿನ ಹತ್ತಿರ ನಿಂತು, ಹೊಟ್ಟೆ ಮೇಲೆ ಕೈ ಇಟ್ಟುಕೊಂಡು, "ಒಳಕ್ಕೆ ಬರ್ರೀ!" ಅಂತ ಒಂದು ಬಿಟ್ಟಳು ನೋಡಿ. ಹುಡುಗರು ಒಳಕ್ಕೆ ಬಂದರು. ಅವರಷ್ಟೇ ಅಲ್ಲ, ಡ್ರೈವರು ಗಾಬರಿಯಾಗಿ ಬ್ರೇಕ್ ಹಾಕಿದ. ಮುದುಕನೊಬ್ಬ ಬಾಯಲ್ಲಿದ್ದ ಎಲೆ ಅಡಿಕೆ ನುಂಗಿದ. ನಾನು ಕಿಟಕಿ ಕಡೆ ಮುಖ ಮಾಡಿಕೊಂಡೆ. ಇಳಿಯೋವಾಗ ಅವಳು "ಎಂಗಿತ್ತು?" ಅಂತ ಕಣ್ಣಲ್ಲೇ ಕೇಳಿದಳು. ಪರವಾಗಿಲ್ಲ ಅಂತ ಕೈ ಆಡಿಸಿದೆ. ಜಾಸ್ತಿ ಹೊಗಳಬಾರದು.

ರಾಣಿ ಪಾರ್ಟಿನ ಎರಡನೇ ಸೀನಿನಲ್ಲಿ ಅವಳು ಎಡಗಡೆಯಿಂದ ಬಂದರೆ ಚೆನ್ನ. ನಾನು ಯಾವಾಗಲೂ ಬಲಗಡೆಯಿಂದ ಬರ್ತಿದ್ದೆ. ಅವಳ ಮುಖಕ್ಕೆ ಎಡವೇ ಸರಿ.

ಫೆಬ್ರವರಿ 23, ಭಾನುವಾರ

ಇವತ್ತು ನಾಟಕ ನಿಂತೇ ಹೋಗ್ತಿತ್ತು.

ಕೊನೇ ಸೀನಿನಲ್ಲಿ ಮಂತ್ರಿ ಕ್ರೂರಸೇನ ಸಿಕ್ಕಿಬಿದ್ದು ಮಹಾರಾಜನ ಕಾಲಿಗೆ ಬಿದ್ದು ಕ್ಷಮೆ ಕೇಳಬೇಕು. ಇಷ್ಟು ದಿನ ಆ ಸೀನಿನವರೆಗೂ ಬಂದೇ ಇರಲಿಲ್ಲ. ಇವತ್ತು ಬಂದೆವು. ಶಿವರುದ್ರಮ್ಮ ನಿಂತಳು. ಬೀಳಲಿಲ್ಲ.

"ಯಾಕವ್ವ?" ಅಂದರು ಗುರುಮಲ್ಲಯ್ಯ.

"ಮಂತ್ರಿ ಆದ್ರೇನು, ಮೀಸೆ ಅಂಟುಸ್ಕಂಡ್ರೇನು? ಒಳ್ಗಿರೋಳು ನಾನೇ ತಾನೆ? ಸೊಸೆ ಕಾಲ್ಗೆ ಅತ್ತೆ ಬೀಳದಾ? ಚಾಮ್ರಾಜ್‌ನಗರದವ್ರೆಲ್ಲ ಬಂದು ನೋಡದಾ?"

ಶಿವಾನಿಯೂ ಹಿಂದಕ್ಕೆ ಸರಿದಳು. "ಅತ್ತೆ ನನ್ ಕಾಲ್ಗೆ ಬಿದ್ರೆ ನನ್ ಆಯಸ್ಸು ಕಮ್ಮಿ ಆಯ್ತದೆ. ನಾನೊಲ್ಲೆ."

"ಅಂಗಾದ್ರೆ ಮಂತ್ರಿ ನಿಂತ್ಕಂಡೇ ಸಾರಿ ಅನ್ಲಿ" ಅಂದಳು ಕುಮಾರಿ. ಅವಳಿಗೆ ಸ್ಲೇಟು ತೋರಿಸಿ ಹೆದರಿಸಿದೆ, ಏನೂ ಬರೆದಿರಲಿಲ್ಲ.

ಗೋಡೆ ಕಡೆಯಿಂದ ಶಿವಮಲ್ಲಪ್ಪ, "ಬಿದ್ಬುಡಮ್ಮಿ, ನಾಟ್ಕ ತಾನೆ" ಅಂದರು. ಶಿವರುದ್ರಮ್ಮ, "ನೀವು ಗ್ವಾಡೆ ನೋಡ್ಕಂಡಿರಿ" ಅಂದಳು. ಅವರು ನೋಡಿಕೊಂಡರು.

ಕಾಲಿಗೆ ಬೀಳದ ಮಂತ್ರಿ ಇದ್ದರೆ ನಾಟಕ ಮುಗಿಯೋದೇ ಇಲ್ಲ. ಬೇರೆ ಯಾರಿಗಾದರೂ ಕೊಡೋಣ ಅಂದರೆ ಆ ಪಾರ್ಟಿಗೆ ದಪ್ಪ ದನಿ ಬೇಕು, ಸಂಘದಲ್ಲಿ ಶಿವರುದ್ರಮ್ಮನ ಬಿಟ್ಟರೆ ಎಲ್ಲವೂ ಗುಬ್ಬಿಗಳೇ. ಬರೋ ಭಾನುವಾರಕ್ಕೆ ನೋಡೋಣ ಅಂತ ಎದ್ದೆವು. ಕಾರಿನಲ್ಲಿ ನನ್ನ ಜೊತೆ ಎಲ್ಲರೂ ಮೂಗರಾದರು.

ಫೆಬ್ರವರಿ 27, ಗುರುವಾರ

ಮೈಸೂರಿಗೆ ಹೋಗಿದ್ದೆವು. ಮೀಸೆ ಅಂಟಿಸೋ ಗೋಂದು ದೇವರಾಜ ಮಾರ್ಕೆಟ್ಟಿನ ಹತ್ತಿರದ ಅಂಗಡಿಯಲ್ಲಿ ಸಿಕ್ಕಿತು. ಈಗ ಹಚ್ಚೋದು ಬರೀ ಫೆವಿಕಾಲ್ ಥರ ಇದೆ, ಶಿವಾನಿಯ ತುಟಿ ಮೇಲೆ ಗುಳ್ಳೆ ಎದ್ದಿದೆ. ರಾಣಿಗೆ ಗಾಜಿನ ಬಳೆಯೂ ತಂದೆ, ಮಾನಸನ ಕೈ ನನ್ನದಕ್ಕಿಂತ ದಪ್ಪ, ನನ್ನ ಹಳೇ ಬಳೆ ಏರೋದಿಲ್ಲ. ಸೇನಾಪತಿಗೆ ಕತ್ತಿಯ ಒರೆ. ಮಂತ್ರಿ ಯಾರು ಅಂತಲೇ ಗೊತ್ತಿಲ್ಲ, ಆದರೂ ಇರಲಿ ಅಂತ ಕಪ್ಪು ಗಡ್ಡ ಒಂದು.

ಡಾಕ್ಟರ ಹತ್ತಿರವೂ ಹೋದೆವು. ಕೊಳವೆ ಬಿಟ್ಟು ನೋಡಿ, ವಾಸಿಯಾಗಿದೆ, ಮಾತಾಡಿ ಅಂದ. ಏನು ಮಾತಾಡಲಿ ಅಂತ ಕೇಳಿದೆ. ಕೇಳಿದವಳು ನಾನಲ್ಲ. ಮೂಟೆ ಎಳೆದ ಹಾಗೆ, ದಪ್ಪಗೆ, ಕೆಳಗೆಲ್ಲೋ ಒಂದು ದನಿ. ಮಾನಸ ಹಿಂದೆ ತಿರುಗಿ ನೋಡಿದಳು, ಯಾರಾದರೂ ಒಳಗೆ ಬಂದರಾ ಅಂತ.

ಇನ್ನು ಸ್ವಲ್ಪ ತಿಳಿಯಾಗಬಹುದಂತೆ. ಆದರೆ ಆ ಮೇಲಿನ ದನಿ ಬರೋದಿಲ್ಲವಂತೆ. "ತಗ್ಗಿಸಿ ಎಷ್ಟು ಬೇಕಾದ್ರೂ ಮಾತಾಡಿ, ನಾಟಕನೂ ಆಡಿ. ಕೂಗಬೇಡಿ" ಅಂದ. ಕೂಗದ ರಾಣಿ ರತ್ನಪ್ರಭೆ.

ಬಸ್ಸಿನಲ್ಲಿ ಮಾನಸ ನಂಜನಗೂಡು ದಾಟೋವರೆಗೂ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಆಮೇಲೆ ಡ್ಯೂಟಿಯಲ್ಲಿದ್ದ ಕಂಡಕ್ಟರು ಚಿಲ್ಲರೆಗೆ ಒದ್ದಾಡ್ತಿದ್ದ, ಅವನಿಗೆ ಬೈಯೋಕೆ ಬಿಟ್ಟಳು.

ಫೆಬ್ರವರಿ 28, ಶುಕ್ರವಾರ

ದನಿ ಬಂದಿದೆ. ಯಾರ ಜೊತೆಗೂ ಮಾತಾಡಲಿಲ್ಲ.

ಮಾರ್ಚಿ 2, ಭಾನುವಾರ

ಉಡಿಗಾಲಕ್ಕೆ ಸ್ಲೇಟು ಹಾಕಿಕೊಂಡೇ ಹೋದೆ. ಎಲ್ಲರೂ ಬರೋದಕ್ಕೆ ಮುಂಚೆ ಗುರುಮಲ್ಲಯ್ಯ ಒಬ್ಬರೇ ಪೇಟಿ ಒರೆಸ್ತಾ ಕೂತಿದ್ದರು. ಅವರ ಬಲಗಿವಿ ಕಡೆ ಹೋಗಿ ಕೂತು, "ಮಾಸ್ಟ್ರೆ, ಶ್ರುತಿ ಕೊಡಿ" ಅಂದೆ.

ಅವರು ಬೆಚ್ಚಲಿಲ್ಲ. ಬಟ್ಟೆ ಕೆಳಗಿಟ್ಟರು. ನನ್ನ ಶ್ರುತಿ ಕಪ್ಪು ನಾಲ್ಕು, ಅಂದರೆ ಪೇಟಿಯ ನಾಲ್ಕನೇ ಕಪ್ಪು ಮನೆ. ಅವರ ಬೆರಳು ಅಭ್ಯಾಸಕ್ಕೆ ಸೀದಾ ಅಲ್ಲಿಗೇ ಹೋಯಿತು. ನಾನು "ಆ" ಅಂದೆ. ಸೇರಲಿಲ್ಲ. ಬೆರಳು ಎಡಕ್ಕೆ ಸರಿಯಿತು. "ಆ" ಅಂದೆ. ಇನ್ನೂ ಎಡಕ್ಕೆ. ನನಗೋಸ್ಕರ ಅವರು ಯಾವತ್ತೂ ಮುಟ್ಟದ ಮನೆಗಳು. ಆ ಕಡೆ ಗಂಡಸರ ಶ್ರುತಿ ಇರೋದು. ನಾನು ಇನ್ನು ಸಾಕು ಅಂತ ಏಳೋಕೆ ಹೋದೆ. ಅವರು ಸೆರಗು ಹಿಡಿದು ಕೂರಿಸಿ, ಇನ್ನೂ ಒಂದು ಮನೆ ಎಡಕ್ಕೆ ಹೋಗಿ ಬಿಳಿ ಒಂದು ಒತ್ತಿದರು. ಕಣ್ಣು ಮುಚ್ಚಿಕೊಂಡು ಕೇಳಿದರು.

"ಸಿಕ್ಬುಟ್ರಿ ತಾಯಿ. ಇಲ್ಲಿದ್ದೀರಿ" ಅಂದರು.

ಕಣ್ಣಲ್ಲಿ ಧೂಳು ಬಿದ್ದಿತ್ತು. ಆ ಭವನದವರು ಕಸ ಗುಡಿಸೋದೇ ಇಲ್ಲ.

ಅಷ್ಟರಲ್ಲಿ ಹೆಂಗಸರೆಲ್ಲ ಬಂದರು. ಬಂದವರೇ ಮತ್ತೆ ಅದೇ ಜಗಳ, ಯಾರು ಕಾಲಿಗೆ ಬೀಳೋದು. ಶಿವರುದ್ರಮ್ಮ ಒಂದು ಕಡೆ, ಶಿವಾನಿ ಒಂದು ಕಡೆ. ಕೇಳಿ ಕೇಳಿ ತಲೆ ಕೆಟ್ಟು, ಸ್ಲೇಟು ಕೊರಳಿಂದ ಕಿತ್ತು, "ಬಾಯ್ ಮುಚ್ಕಳ್ರೇ ಎಲ್ಲಾ" ಅಂದೆ. ಕೂಗಲಿಲ್ಲ. ತಗ್ಗಿಸೇ ಅಂದೆ.

ಗೋಡೆ ಕಡೆ ಕೂತಿದ್ದ ಶಿವಮಲ್ಲಪ್ಪ ಎದ್ದು ನಿಂತು, "ಯಾರ್ ಸಾಮಿ ಬಂದೋರು?" ಅಂದರು.

ಕುಮಾರಿ ಮೆಲ್ಲಗೆ, "ಕ್ರೂರಸೇನ ಬಂದ" ಅಂದಳು.

ಎಲ್ಲರೂ ನನ್ನನ್ನ ನೋಡಿದರು. ನಾನೂ ಯೋಚಿಸಿದೆ. ಯೋಚಿಸಿದೆ ಅಂದರೆ ಸುಳ್ಳು. ಗಡ್ಡ ಮೊನ್ನೆಯೇ ತಂದಿದ್ದೆನಲ್ಲ, ಚೀಲದಿಂದ ತೆಗೆದು ಹಾಕಿಕೊಂಡೆ. ರಾಣಿ ಕಿರೀಟ ಅದೇ ಚೀಲದಲ್ಲಿತ್ತು, ನನ್ನ ಕಂಪನಿ ಕಾಲದ್ದು. ತೆಗೆದು ಮಾನಸನ ತಲೆ ಮೇಲೆ ಇಟ್ಟೆ. ಅವಳು, "ಬ್ಯಾಡ ದೊಡ್ಡವ್ವ, ಇದು ನಿಂದು" ಅಂದಳು. "ಮುಂದಕ್ಕೆ ಹೋಗಮ್ಮಿ, ಹಿಂದೆ ಜನ ಅವ್ರೆ" ಅಂದೆ.

ಶಿವರುದ್ರಮ್ಮನಿಗೆ ರಾಜಮಾತೆ ಪಾರ್ಟು ಕೊಟ್ಟೆವು. ಮಗನ ಕೈಲಿ ದಿನಾ ನಮಸ್ಕಾರ ಮಾಡಿಸಿಕೊಳ್ಳೋ ಪಾರ್ಟು. ತುಂಬ ಚೆನ್ನಾಗಿ ಮಾಡ್ತಾಳೆ.

ಮಾರ್ಚಿ 5, ಬುಧವಾರ

ಎಲ್ಲರೂ ಒಂದು ದಿನ ರಜ ಹಾಕಿ ಪೂರ್ತಿ ನಾಟಕ ಆಡಿದೆವು. ಪ್ರಾಕ್ಟೀಸು ಅನ್ನೋದು ಇಷ್ಟು ಚೆನ್ನಾಗಿರ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಮಧ್ಯೆ ಕಡಲೆಪುರಿ, ಈರುಳ್ಳಿ, ಚಹ. ಇಷ್ಟು ವರ್ಷ ಊರ ಗಂಡಸರು ತಿಂಗಳುಗಟ್ಟಲೆ ಯಾಕೆ ಕೂರ್ತಿದ್ದರು ಅಂತ ಈಗ ಗೊತ್ತಾಯಿತು.

ಕೂಗದೆ, ತಗ್ಗಿಸಿ ಹೇಳಿದರೆ ಖಳನ ಮಾತಿಗೆ ಜಾಸ್ತಿ ಭಯ. ಶಿವಾನಿ ನಿಜವಾಗಿ ಹೆದರ್ತಾಳೆ.

ಬೀಳೋ ಸೀನಿಗೆ ಮಂಡಿ ನೋವು. ನಿಧಾನ ಬಿದ್ದರಾಯಿತು. ರಂಗದ ಮೇಲೆ ನಾನು ಯಾರ ಕಾಲಿಗೂ ಬಿದ್ದವಳಲ್ಲ, ಬೀಳಿಸಿಕೊಂಡವಳು. ಇರಲಿ.

ಮಾರ್ಚಿ 9, ಭಾನುವಾರ

ನಿನ್ನೆ ಆಯಿತು. ಮಧ್ಯಾಹ್ನ ಎರಡಕ್ಕೆ ಶುರು, ಹಾಲು ಕರೆಯೋ ಹೊತ್ತಿಗೆ ಮನೆ ಸೇರಬೇಕು ಅಂತ ಸಂಘದ ಷರತ್ತು. ರಂಗಮಂದಿರ ಪೂರ್ತಿ ತುಂಬಿತ್ತು. ಉಡಿಗಾಲವೇ ಮೂರು ಟ್ರ್ಯಾಕ್ಟರಿನಲ್ಲಿ ಬಂದಿತ್ತು.

ಮೊದಲ ಗಂಡಾಂತರ ಮಹಾರಾಜನ ಪ್ರವೇಶಕ್ಕೇ. ಶಿವಮಲ್ಲಪ್ಪನವರನ್ನ ಊರಿನ ಹಿರಿಯರು ಅಂತ ಯಾರೋ ಹಾರ ಹಾಕಿ ಮುಂದಿನ ಸಾಲಿನ ನಡುವೆ ಕೂರಿಸಿಬಿಟ್ಟಿದ್ದರು. ಅಲ್ಲಿ ಕುರ್ಚಿ ತಿರುಗೋದಿಲ್ಲ, ನೆಲಕ್ಕೆ ಬಿಗಿದಿದ್ದಾರೆ. ಶಿವಾನಿ ಬಂದಳು, ಮಾವನನ್ನ ಕಂಡಳು, ಕೈ ಮೆಲ್ಲಗೆ ನಿಲುವಂಗಿ ಕಡೆ ಹೊರಟಿತು. ಪಕ್ಕದ ಪರದೆ ಹಿಂದೆ ನಿಂತು ನಾನು ಬೇಡ ಬೇಡ ಅಂತ ಕೈ ಆಡಿಸಿದೆ.

ಶಿವಮಲ್ಲಪ್ಪ ಅದನ್ನ ನೋಡಿದರು. ಹೆಗಲಿನ ಟವೆಲ್ ತೆಗೆದು ಕೊಡವಿ ತಮ್ಮ ತಲೆ ಮೇಲೆ ಹಾಕಿಕೊಂಡು, ಹಾರದವರೆಗೂ ಎಳೆದು, ಮುಸುಕಿನೊಳಗೆ ಕೂತರು. ಮಹಾರಾಜನ ಕೈ ಕೆಳಗಿಳಿದು ಕತ್ತಿ ಹಿಡಿಯಿತು. "ಯಾರಲ್ಲಿ!" ನಾಟಕ ಮುಗಿಯೋವರೆಗೂ ಆ ಮನುಷ್ಯ ಟವೆಲ್ ತೆಗೆಯಲಿಲ್ಲ. ತೂತಿನ ಟವೆಲ್ ಅಂತ ಆಮೇಲೆ ಶಿವರುದ್ರಮ್ಮ ಹೇಳಿದಳು.

ಕೊನೇ ಸೀನು. ನಾನು ಗಡ್ಡ ಸವರಿಕೊಂಡು ಸಿಂಹಾಸನಕ್ಕೆ ಕೈ ಹಾಕ್ತೀನಿ, ಹಿಂದಿನಿಂದ ರಾಣಿ ಬರ್ತಾಳೆ. ಎಡಗಡೆಯಿಂದ. ಬಂದಳು. "ಚಂದ್ರಗಿರೀ!"

ನನ್ನ ಥರ ಅಲ್ಲ. ನನ್ನದು ಎಳೆದು ಮೇಲಕ್ಕೆ ಹೋಗ್ತಿತ್ತು. ಇವಳದು ಹೊಟ್ಟೆಯಿಂದ ಎದ್ದು ಸೀದಾ ಬಾಗಿಲ ತನಕ ಹೋಯಿತು, ತುಂಬಿದ ಬಸ್ಸನ್ನ ಸೀಳಿಕೊಂಡು ಹೋಗೋ ಹಾಗೆ. ಅಲ್ಲಿ ಬೀಡಿ ಸೇದೋ ಹಾಗಿಲ್ಲ. ಕೊನೇ ಸಾಲಿನಲ್ಲಿ ಯಾರದೋ ಮೊಬೈಲು ನೆಲಕ್ಕೆ ಬಿದ್ದ ಸದ್ದು ನಾನೇ ಕಿವಿಯಾರೆ ಕೇಳಿದೆ. ಕ್ರೂರಸೇನ ನಡುಗಬೇಕು ಅಂತ ಪಾರ್ಟಿನಲ್ಲಿ ಇದೆ. ನಟನೆ ಬೇಕಾಗಲಿಲ್ಲ.

ಸೇನಾಪತಿ ಕುಮಾರಿ ನಗದೆ ನನ್ನನ್ನ ಹಿಡಿದು ತಂದಳು. ಈಗ ನಾನು ಬೀಳಬೇಕು. ಸೊಂಟಕ್ಕೆ ಕೈ ಕೊಟ್ಟು ಒಂದು ಮಂಡಿ ಬಗ್ಗಿಸಿದೆ. ಇನ್ನೊಂದು ಬಗ್ಗೋಕೆ ಮುಂಚೆ ಮಹಾರಾಜ ಗಾಬರಿಯಿಂದ ನನ್ನ ಮುಖ ನೋಡಿದ. ನೋಡಿದವನೇ ಕತ್ತಿ ಪಕ್ಕಕ್ಕೆ ಎಸೆದು, ಕಿರೀಟ ಉರುಳೋದನ್ನೂ ಲೆಕ್ಕಿಸದೆ, ನನ್ನ ಎರಡೂ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಆ ಜಗಲಿ ಮನೆಯ ಸೊಸೆ.

ಗುರುಮಲ್ಲಯ್ಯನ ಪೇಟಿ ನಿಂತಿತು. ಖಳನಾಯಕನ ಕಾಲಿಗೆ ರಾಜ ಬಿದ್ದ ನಾಟಕ ಎಲ್ಲಾದರೂ ಉಂಟಾ? ನನ್ನ ಪಾರ್ಟಿನಲ್ಲಿ ಇದಕ್ಕೆ ಮಾತಿಲ್ಲ. ಬಗ್ಗಿ ಅವಳ ಹೆಗಲು ಹಿಡಿದೆ.

"ಏಳು ಮಗ. ರಾಜ್ಯ ನಿಂದೇ ಕಣ, ನೀನೇ ಮಡಿಕ್ಕೊ. ಏಳು, ಮನೆಗೋಗನ" ಅಂದೆ. ಆ ಮೂಟೆ ಎಳೆಯೋ ದನಿಯಲ್ಲಿ, ನಮ್ಮವ್ವನ ಮಾತಿನಲ್ಲಿ. ಕಾಲರಿಗೆ ಸಿಕ್ಕಿಸಿದ್ದ ಮೈಕು ಒಂದಕ್ಷರ ಬಿಡದೆ ಇಡೀ ಚಾಮರಾಜನಗರಕ್ಕೆ ಕೇಳಿಸಿತು.

ಆಮೇಲೆ ಎದ್ದ ಗದ್ದಲ ಏನು ಬರೆಯಲಿ. ಶಿಳ್ಳೆ, ಚಪ್ಪಾಳೆ, ಹೆಂಗಸರೂ ಶಿಳ್ಳೆ. "ಒನ್ಸ್ ಮೋರ್! ಒನ್ಸ್ ಮೋರ್!" ಬಿಡಲೇ ಇಲ್ಲ. ಮಹಾರಾಜ ಕಿರೀಟ ಹುಡುಕಿ ಇಟ್ಟುಕೊಂಡು, ಇನ್ನೊಂದು ಸಲ ಬೀಳಬೇಕಾಯಿತು. ಎರಡನೇ ಸಲ ನಾನು "ಏಳು ಮಗ" ಅನ್ನೋಕೆ ಮೊದಲೇ ಉಡಿಗಾಲದ ಟ್ರ್ಯಾಕ್ಟರಿನವರೆಲ್ಲ ಒಟ್ಟಿಗೇ ಹೇಳಿದರು. ರಾಜಮಾತೆ ಪರದೆ ಹಿಂದೆ ಮೂಗು ಒರೆಸಿಕೊಳ್ತಾ, "ನಮ್ ಮನೇಲಿ ಕಲ್ತಿದ್ದು ಬುಡಿ" ಅಂತ ಎಲ್ಲರಿಗೂ ಹೇಳಿದಳು.

ಯಾರೋ ಹುಡುಗರು ಪೂರ್ತಿ ನಾಟಕ ಮೊಬೈಲಿನಲ್ಲಿ ಹಿಡಿದಿದ್ದಾರಂತೆ. ಮಾನಸ ಇವತ್ತು ಬೆಳಿಗ್ಗೆ ತೋರಿಸಿದಳು. ಮುಖ ಕಾಣೋದಿಲ್ಲ, ಬರೀ ಗಡ್ಡ.

ದನಿ ಮಾತ್ರ ನಂದೇ.

ಮಾರ್ಚಿ 11, ಮಂಗಳವಾರ

ಬೆಳಿಗ್ಗೆ ಈರುಳ್ಳಿ ಲಾರಿ ಮತ್ತೆ ಬಾಗಿಲಿಗೆ. ಹಾರನ್. ಚಿಲಕ ತೆಗೆಯೋಕೂ ಆಗದ ಹಾಗೆ ಒರಗಿಸಿದ್ದ. ಒಳಗಿನಿಂದಲೇ, ಕೂಗದೆ, ಹೊಟ್ಟೆ ಮೇಲೆ ಕೈ ಇಟ್ಟುಕೊಂಡು, "ಲಾರಿ ತೆಗೀತೀಯೋ, ನಾನೇ ಬರ್ಲೋ?" ಅಂದೆ.

"ಅಯ್ಯೋ ಸಾರ್! ಸಾರಿ ಸಾರ್! ಇಪ್ಪೋ ಎಡುಕ್ಕಾಂ ಸಾರ್!" ಅಂತ ಲಾರಿ ಸಂತೆಬೀದಿವರೆಗೂ ಹಿಂದಕ್ಕೆ ಹೋಯಿತು.

ಹೋಗಿ ಹಾಲು ತಂದೆ. ಆರಾಮಾಗಿ ಕೈ ಬೀಸಿಕೊಂಡು. ನಾಳೆ ಅವನಿಗೆ ಒಂದು ಲೋಟ ಕಾಫಿ ಕೊಡಬೇಕು, ಪಾಪ, ನೀರು ಕೊಟ್ಟಿದ್ದ. ಆದರೆ ಒಳಗಿರೋ ಸಾರ್ ಯಾರು ಅಂತ ಹೇಳೋದಿಲ್ಲ.

ಸಂಘದವರು ಭಾನುವಾರ ಹನ್ನೊಂದಕ್ಕೆ ಕಾರು ಕಳಿಸ್ತಾರಂತೆ, ಹೊಸ ನಾಟಕ. ಹತ್ತೂವರೆಗೇ ಕಳಿಸಿ ಅಂದೆ.